ಮಾವನ ಕಾರಿನ ಮುಂದಿನ ಸೀಟು

ಆಯುಧಪೂಜೆಗೆ ಇನ್ನೂ ಕೆಲವು ದಿನ ಇರುವಾಗ ನನ್ನ ಹೆಂಡತಿಯ ತೌರುಮನೆ ಕಾರನ್ನು ನಾನು ಟಿಕೆಟ್ ತೆಗೆದುಕೊಂಡು ನೋಡಿ ಬಂದೆ.

ಹೌದು, ಟಿಕೆಟ್. ಅದೂ ಕ್ಯೂನಲ್ಲಿ ನಿಂತು. ನನ್ನ ಮುಂದೆ ಯಾವುದೋ ಶಾಲೆಯ ಮಕ್ಕಳು, ಹಿಂದೆ ಹಿರಿಯೂರಿನಲ್ಲಿ ಮದುವೆ ಮುಗಿಸಿಕೊಂಡು ಬಂದ ಒಂದು ಬಸ್ಸಿನ ಜನ. ಕೌಂಟರಿನಲ್ಲಿದ್ದವನಿಗೆ ‘ಒಳಗಿರೋದು ನಮ್ಮ ಮಾವನ ಕಾರು ಕಣಪ್ಪ’ ಎಂದೆ. ಅವನು ತಲೆಯನ್ನೂ ಎತ್ತಲಿಲ್ಲ. ‘ಎಲ್ರೂ ಹಂಗೇ ಅಂತಾರೆ ಸಾರ್. ಎಷ್ಟು ಟಿಕೆಟ್ ಕೊಡ್ಲಿ?’ ಎಂದ.

ಐಮಂಗಲದ ಹತ್ತಿರ, ಹೆದ್ದಾರಿ ಪಕ್ಕದಲ್ಲಿ ಈ ಹಳೇ ಕಾರುಗಳ ಮ್ಯೂಸಿಯಂ ಆಗಿದೆ. ಒಂದು ಕಾಲದಲ್ಲಿ ಅದು ಶೇಂಗಾ ಎಣ್ಣೆ ಮಿಲ್ಲು. ಮಿಲ್ಲು ನಿಂತು ಗೋಡೌನು ಖಾಲಿ ಬಿದ್ದಿತ್ತು. ಮಿಲ್ಲಿನ ಸಾಹುಕಾರರ ಮಗ ಈಗ ಅದಕ್ಕೆ ಬಿಳಿ ಬಣ್ಣ ಹೊಡೆಸಿ, ಎಸಿ ಹಾಕಿಸಿ, ಒಳಗೆ ಕಾರುಗಳನ್ನು ನಿಲ್ಲಿಸಿದ್ದಾರೆ. ನಿಲ್ಲಿಸಿದ್ದಾರೆ ಎಂದರೆ ಅವರಿಗೆ ಬೇಜಾರಾಗುತ್ತದೆ. ‘ಪ್ರದರ್ಶಿಸಿದ್ದಾರೆ’ ಎನ್ನಬೇಕು. ಒಂದೊಂದು ಕಾರಿಗೂ ಮೇಲಿನಿಂದ ಒಂದು ಲೈಟು, ಸುತ್ತ ಕೆಂಪು ಹಗ್ಗ, ಪಕ್ಕದಲ್ಲೊಂದು ಬೋರ್ಡು. ಯಾವುದೋ ಕಾರಿನ ಬಾನೆಟ್ಟನ್ನು ಮಾತ್ರ ಕಳಚಿ ಗೋಡೆಗೆ ಚಿತ್ರಪಟದ ಥರ ನೇತುಹಾಕಿದ್ದಾರೆ. ಜನ ಅದರ ಮುಂದೆ ಕೈಕಟ್ಟಿ ನಿಲ್ಲುತ್ತಾರೆ, ತಲೆಯನ್ನು ಒಂದು ಕಡೆ ವಾಲಿಸುತ್ತಾರೆ, ‘ಆ ಕರ್ವ್ ನೋಡು’ ಎನ್ನುತ್ತಾರೆ. (ನಮ್ಮ ಚಿತ್ರದುರ್ಗದ ಗ್ಯಾರೇಜುಗಳಲ್ಲಿ ಇಂಥ ಬಾನೆಟ್ಟುಗಳು ರಾಶಿ ಬಿದ್ದಿವೆ. ಅಲ್ಲಿ ಯಾರಾದರೂ ಕರ್ವ್ ನೋಡಿದ್ದನ್ನು ನಾನಂತೂ ಕಂಡಿಲ್ಲ.)

ಸಾಲಿನ ಕೊನೆಯಲ್ಲಿ ಕೆನೆಬಣ್ಣದ ಅಂಬಾಸಿಡರ್. ನಮ್ಮ ಮಾವನದು. ಬೋರ್ಡಿನಲ್ಲಿ ಎರಡು ಸಾಲು ಕಾರಿನ ಗುಣಗಾನ. ಮೂರನೇ ಸಾಲು ಹೀಗಿತ್ತು: ‘ಕೊಡುಗೆ: ಶ್ರೀ ತಿಪ್ಪೇಸ್ವಾಮಿ, ಹೊಸದುರ್ಗ.’

ಯಾರು ಈ ತಿಪ್ಪೇಸ್ವಾಮಿ ಅಂತೀರಾ? ನನ್ನ ಷಡ್ಡಕ. ನನ್ನ ಹೆಂಡತಿಯ ಅಕ್ಕನ ಗಂಡ.

ಎಸಿ ಹಾಲಿನಲ್ಲಿ ನಿಂತಿದ್ದೆ. ಹೊಟ್ಟೆ ಮಾತ್ರ ಧಗಧಗ ಉರಿಯುತ್ತಿತ್ತು.

ಷಡ್ಡಕ ಅನ್ನುವ ಸಂಬಂಧವನ್ನು ದೇವರು ಹೊಟ್ಟೆಕಿಚ್ಚಿಗೆಂದೇ ಸೃಷ್ಟಿಸಿದ್ದಾನೆ ಎಂದು ನನ್ನ ಬಲವಾದ ನಂಬಿಕೆ. ಅಣ್ಣತಮ್ಮಂದಿರಾದರೆ ಆಸ್ತಿಗೆ ಬಡಿದಾಡಿ ಸಮಾಧಾನ ಮಾಡಿಕೊಳ್ಳಬಹುದು. ಷಡ್ಡಕನ ಜೊತೆ ಜಗಳ ಆಡೋಣ ಎಂದರೆ ಕಾರಣವೇ ಸಿಗುವುದಿಲ್ಲ. ಹಬ್ಬದ ದಿನ ಇಬ್ಬರನ್ನೂ ಅಕ್ಕಪಕ್ಕ ಕೂರಿಸುತ್ತಾರೆ, ತುಪ್ಪವನ್ನು ಅವನ ಎಲೆಗೆ ಮೊದಲು ಬಡಿಸುತ್ತಾರೆ. ಇದನ್ನು ಹಿಡಿದುಕೊಂಡು ಯಾವ ಪಂಚಾಯ್ತಿಗೆ ಹೋಗುತ್ತೀರಿ?

ನನ್ನ ಕೇಸು ತುಪ್ಪದ್ದಲ್ಲ. ಸೀಟಿನದು.

ಮಾವ ಬಾಗೂರಿನವರು. ಕೊಬ್ಬರಿ ವ್ಯಾಪಾರ. ಈ ಕಾರನ್ನು ಅವರೇ ಓಡಿಸುತ್ತಿದ್ದರು, ಬೇರೆಯವರ ಕೈಗೆ ಕೀ ಕೊಟ್ಟವರಲ್ಲ. ಡಿಕ್ಕಿಯಲ್ಲಿ ಸದಾ ಕೊಬ್ಬರಿ ಚೀಲ. ಒಳಗೆಲ್ಲ ಅದರದೇ ವಾಸನೆ. ಮುಂದೆ ಒಂದೇ ಉದ್ದನೆಯ ಸೀಟು, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಆ ಸೀಟಿನ ಎಡತುದಿ, ಕಿಟಕಿ ಪಕ್ಕದ ಜಾಗ ಇದೆಯಲ್ಲ, ನನ್ನ ಸಂಸಾರದ ಸಕಲ ಸಂಕಟದ ಮೂಲ ಅದೇ.

ಮದುವೆಯಾದ ಹೊಸತು. ಹೊಳಲ್ಕೆರೆಯಲ್ಲಿ ನೆಂಟರ ಮನೆಯ ತೊಟ್ಟಿಲ ಶಾಸ್ತ್ರ, ಎಲ್ಲರೂ ಕಾರಿನಲ್ಲಿ ಹೊರಟೆವು. ಹೊಸ ಅಳಿಯ, ಹೊಸ ವಾಚು, ಹೊಸ ಸಫಾರಿ ಸೂಟು. ನೇರ ಹೋಗಿ ಮುಂದಿನ ಬಾಗಿಲು ತೆಗೆದು ಕೂತುಬಿಟ್ಟೆ. ಮಾವ ಕನ್ನಡಿ ಸರಿ ಮಾಡುತ್ತಾ ಕೂತರು. ಅತ್ತೆ ಬಂದು ಬಹಳ ಪ್ರೀತಿಯಿಂದ ಹೇಳಿದರು.

‘ಚಿಕ್ಕಳಿಯಂದ್ರೇ, ನೀವು ಹಿಂದೆ ಕುಂತ್ಕಳ್ರಿ. ಹಿಂದೆ ಗಾಳಿ ಚೆನ್ನಾಗಿ ಬರ್ತೈತೆ.’

ನೋಡಿದರೆ ಬಾಗಿಲ ಹತ್ತಿರ ತಿಪ್ಪೇಸ್ವಾಮಿ ನಿಂತಿದ್ದ. ‘ಇರ್ಲಿ ಬಿಡ್ರಿ ಅತ್ತೆ, ಅವ್ರೇ ಕುಂತ್ಕಳ್ಳಿ’ ಎನ್ನುತ್ತಿದ್ದ. ಬಾಗಿಲನ್ನು ಮಾತ್ರ ಅಗಲವಾಗಿ ತೆರೆದು ಹಿಡಿದುಕೊಂಡೇ ಇದ್ದ.

ಇಳಿದು ಹಿಂದೆ ಹೋದೆ. ಅಲ್ಲಿ ಅತ್ತೆ, ರತ್ನಕ್ಕ (ತಿಪ್ಪೇಸ್ವಾಮಿಯ ಹೆಂಡತಿ), ಅವರ ಎರಡು ಮಕ್ಕಳು, ನನ್ನ ಹೆಂಡತಿ ಗಿರಿಜ. ನನ್ನ ತೊಡೆಯ ಮೇಲೆ ಹೋಳಿಗೆ ಡಬ್ಬ. ಗಾಳಿಯ ವಿಷಯ ಕೇಳುತ್ತೀರಾ? ನನ್ನ ಕಡೆಯ ಕಿಟಕಿಯ ಗಾಜು ಇಳಿಸುವ ಹಿಡಿಯೇ ಇರಲಿಲ್ಲ. ಹೊಳಲ್ಕೆರೆವರೆಗೂ ನಾನು ನೋಡಿದ್ದು ತಿಪ್ಪೇಸ್ವಾಮಿಯ ಎಣ್ಣೆ ಹಚ್ಚಿದ ಹಿಂದಲೆಯನ್ನು. ಅವನು ಕೈಯನ್ನು ಕಿಟಕಿಯಿಂದ ಆಚೆ ಬಿಟ್ಟು, ಬಾಗಿಲ ತಗಡಿನ ಮೇಲೆ ಬೆರಳಲ್ಲಿ ತಾಳ ಹಾಕುತ್ತಿದ್ದ.

ಅವತ್ತಿನಿಂದ ಅದು ಕಾನೂನು. ದೊಡ್ಡಳಿಯ ಮುಂದೆ, ಚಿಕ್ಕಳಿಯ ಹಿಂದೆ. ಅವನು ಬಾರದ ದಿನ? ತಿಪಟೂರಿನಿಂದ ಬಂದ ಯಾರಾದರೂ ದಲ್ಲಾಳಿ ಮುಂದೆ ಕೂರುತ್ತಿದ್ದರು. ದಲ್ಲಾಳಿಯೂ ಇಲ್ಲದ ಒಂದು ದಿನ ನಾನು ಬೇಗಬೇಗ ಹೋಗಿ ಬಾಗಿಲಿಗೆ ಕೈ ಹಾಕಿದರೆ, ಮಾವ ಕೊಬ್ಬರಿ ತೂಗುವ ತಕ್ಕಡಿಯನ್ನು ತಂದು ಆ ಸೀಟಿನ ಮೇಲೆ ಇಟ್ಟರು. ‘ಹಿಂದೆ ಇಟ್ರೆ ಮುಳ್ಳು ಕೆಡ್ತೈತೆ’ ಎಂದರು. ತಕ್ಕಡಿ ಮುಂದೆ, ಅಳಿಯ ಹಿಂದೆ ಕೂತು ಬಾಗೂರಿನಿಂದ ಹೊಸದುರ್ಗಕ್ಕೆ ಹೋದೆವು.

ನಗಬೇಡಿ. ನೀವೂ ಇಂಥ ಒಂದು ಸೀಟಿನ ಮೇಲೆ ಕಣ್ಣಿಟ್ಟವರೇ. ಮದುವೆ ಊಟದ ಮೊದಲ ಪಂಕ್ತಿ, ಸಮಾರಂಭದಲ್ಲಿ ಬಿಳಿ ಟವೆಲ್ ಹೊದಿಸಿದ ಕುರ್ಚಿ, ಗ್ರೂಪ್ ಫೋಟೋದಲ್ಲಿ ನಡುವಿನ ಜಾಗ, ಕೊನೆಗೆ ಶೇರ್ ಆಟೋದಲ್ಲಿ ಡ್ರೈವರ್ ಪಕ್ಕದ ಅರ್ಧ ಸೀಟು. ನಮ್ಮ ಜನ ಊಟಕ್ಕೆ ಕಡಿಮೆಯಾದರೆ ಸಹಿಸಿಕೊಳ್ಳುತ್ತಾರೆ. ಕೂರಿಸುವ ಜಾಗದಲ್ಲಿ ಕಡಿಮೆಯಾದರೆ ಸಾಯುವ ತನಕ ಮರೆಯುವುದಿಲ್ಲ.

ಮಾವ ತೀರಿಕೊಂಡರು. ಅತ್ತೆ ಹೊಸದುರ್ಗಕ್ಕೆ, ದೊಡ್ಡ ಮಗಳ ಮನೆಗೆ ಹೋದರು. ಕಾರೂ ಅವರ ಹಿಂದೆಯೇ ಹೋಯಿತು. ಅಲ್ಲಿ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಸತ್ಯ ಹೇಳಬೇಕೆಂದರೆ ನನಗೆ ಆಗ ಬಹಳ ಸಮಾಧಾನವಾಗಿತ್ತು. ನನಗೂ ಇಲ್ಲ, ಅವನಿಗೂ ಇಲ್ಲ. ಈಗ ನೋಡಿದರೆ ಕಾರು ಕಲೆಯಾಗಿದೆ! ತಲೆಯ ಮೇಲೆ ಲೈಟು, ಮೈಗೆ ಎಸಿ, ಬೋರ್ಡಿನಲ್ಲಿ ತಿಪ್ಪೇಸ್ವಾಮಿ. ಸುತ್ತ ಹಗ್ಗ ಬೇರೆ. ಇನ್ನು ಆ ಸೀಟಿನಲ್ಲಿ ಕೂರುವ ಆಸೆಯನ್ನು ಈ ಜನ್ಮಕ್ಕೆ ಬಿಡಬೇಕು ಎಂದುಕೊಂಡು ಮನೆಗೆ ಬಂದೆ. ಗಿರಿಜ ಹುರುಳಿಕಾಯಿ ಸೋಸುತ್ತಿದ್ದಳು. ಅವಳ ಮುಂದೆ ಕೂತು ಎಲ್ಲವನ್ನೂ ಕಕ್ಕಿದೆ. ಅವಳು ‘ಹೂಂ’ ಎನ್ನುತ್ತಾ ಕೇಳಿಸಿಕೊಂಡಳು.

ಆಮೇಲೆ ಗಿರಿಜಗೆ ಅತ್ತೆಯ ಫೋನ್ ಬಂತು. ಆಯುಧಪೂಜೆಗೆ ಎಲ್ಲರೂ ಮ್ಯೂಸಿಯಂಗೆ ಬರಬೇಕಂತೆ. ‘ಗಾಡಿ ಎಲ್ಲೇ ಇರ್ಲಿ, ಪೂಜೆ ಆಗ್ಬೇಕು. ಎಲ್ರೂ ಹೋಗಾಣ’ ಎಂದರಂತೆ.

ಹೋದೆವು. ಅವತ್ತು ಮ್ಯೂಸಿಯಂಗೆ ರಜೆ, ನಮಗಾಗಿ ಬಾಗಿಲು ತೆಗೆದಿದ್ದರು. ಅತ್ತೆಯ ಬುಟ್ಟಿಯಲ್ಲಿ ಸೇವಂತಿಗೆ ಹಾರ, ವಿಭೂತಿ, ಕುಂಕುಮ, ಕರ್ಪೂರ, ನಿಂಬೆಹಣ್ಣು. ತಿಪ್ಪೇಸ್ವಾಮಿಯ ಕಂಕುಳಲ್ಲಿ ಬೂದುಗುಂಬಳ. ಮ್ಯೂಸಿಯಂ ನೋಡಿಕೊಳ್ಳುವ ಹುಡುಗಿ ಮೇಘನಾ, ಬೆಂಗಳೂರಿನವಳು, ಕೈಗೆ ಬಿಳಿ ಗ್ಲೌಸ್ ಹಾಕಿಕೊಂಡವಳು, ಕುಂಬಳಕಾಯಿ ನೋಡಿಯೇ ಎರಡು ಹೆಜ್ಜೆ ಹಿಂದೆ ಸರಿದಳು.

‘ಅಮ್ಮಾ, ಇದು ಈಗ ವೆಹಿಕಲ್ ಅಲ್ಲ. ಆರ್ಟ್ ಆಬ್ಜೆಕ್ಟ್. ಮುಟ್ಟೋ ಹಾಗಿಲ್ಲ.’

‘ಮುಟ್ದಲೇ ಕುಂಕುಮ ಹೆಂಗಮ್ಮ ಹಚ್ಚೋದು?’ ಅತ್ತೆ ಕೇಳಿದರು.

‘ಅದೇ ಅಮ್ಮಾ, ಹಚ್ಚೋ ಹಾಗಿಲ್ಲ.’

ಅತ್ತೆ ಅಲ್ಲೇ ಇದ್ದ ಬೆಂಚಿನ ಮೇಲೆ ಕೂತರು. ಸೆರಗು ಸರಿ ಮಾಡಿಕೊಂಡರು. ‘ಹಂಗಾರೆ ಗಾಡಿ ಮನೆಗೆ ತಗಂಡು ಹೋಗ್ತೀವಿ. ಆಯುಧಪೂಜೆ ದಿನ ಬೋಳು ಹಣೇಲಿ ನಿಲ್ಸಾಕೆ ಇದೇನು ಅನಾಥ ಗಾಡಿನಾ?’

ತಿಪ್ಪೇಸ್ವಾಮಿಯ ಮುಖ ನೋಡಬೇಕಿತ್ತು ನೀವು. ಕಾರು ಮನೆಗೆ ಹೋದರೆ ಬೋರ್ಡೂ ಹೋಗುತ್ತದೆ! ನನಗೆ ಒಳಗೊಳಗೇ ಎಷ್ಟು ಹಿತವಾಯಿತೆಂದರೆ, ಅತ್ತೆಗೆ ನೀರಿನ ಬಾಟಲಿ ತಂದುಕೊಟ್ಟೆ.

ಮೇಘನಾ ಸಾಹುಕಾರರ ಮಗನಿಗೆ ಫೋನ್ ಮಾಡಿದಳು. ಸ್ಪೀಕರ್ ಹಾಕಿದಳು. ಆ ಕಡೆಯಿಂದ ಅವರು, ‘ನಮ್ಮಮ್ಮ ಇಲ್ಲಿ ನನ್ನ ಲ್ಯಾಪ್‌ಟಾಪಿಗೇ ವಿಭೂತಿ ಬಳ್ದವ್ಳೆ ಕಣಮ್ಮ. ಆ ಅಜ್ಜಿ ಹೇಳ್ದಂಗೆ ಮಾಡ್ಕೊಡು’ ಎಂದರು.

ಸಂಧಾನ ಶುರುವಾಯಿತು. ಕರ್ಪೂರ ಹಚ್ಚಿದರೆ ಅಲಾರಂ ಹೊಡೆದುಕೊಳ್ಳುತ್ತದೆ, ಬೇಡ. ಅತ್ತೆ ಒಪ್ಪಿದರು. ಕುಂಬಳಕಾಯಿ ಗೇಟಿನ ಆಚೆ. ಒಪ್ಪಿದರು. ಬಣ್ಣಕ್ಕೆ ನೇರ ಕುಂಕುಮ ತಾಗಬಾರದು, ವೀಳ್ಯದೆಲೆಗೆ ಹಚ್ಚಿ ಎಲೆಯನ್ನು ಬಾನೆಟ್ಟಿನ ಮೇಲೆ ಇಡಬೇಕು. ಗೊಣಗಿಕೊಂಡು ಅದಕ್ಕೂ ಒಪ್ಪಿದರು. ನಿಂಬೆಹಣ್ಣಿನ ವಿಷಯಕ್ಕೆ ಬಂದಾಗ ಮಾತ್ರ ಜಗ್ಗಲಿಲ್ಲ.

‘ಚಕ್ರ ನಿಂಬೆಹಣ್ಣು ತುಳೀಬೇಕು. ಅದಿಲ್ದಿದ್ರೆ ಪೂಜೆ ಹೆಂಗಾಗ್ತೈತೆ?’

ಅಂದರೆ ಕಾರು ಮುಂದೆ ಹೋಗಬೇಕು. ಟ್ಯಾಂಕಿನಲ್ಲಿ ಪೆಟ್ರೋಲ್ ಇಲ್ಲ, ಬ್ಯಾಟರಿ ತೆಗೆದಿದ್ದಾರೆ. ತಳ್ಳಲೇಬೇಕು. ಮೇಘನಾ ಚಕ್ರಗಳ ಕೆಳಗೆ ದಪ್ಪ ಕಾಗದ ಹಾಸಿದಳು. ಹಗ್ಗ ಬಿಚ್ಚಿದಳು. ಒಂದೇ ಒಂದು ಅಡಿ ಮುಂದಕ್ಕೆ, ಆಮೇಲೆ ವಾಪಸ್ಸು ಅದೇ ಜಾಗಕ್ಕೆ. ಬ್ರೇಕ್ ಹಿಡಿಯಲು ಒಬ್ಬರು ಮಾತ್ರ ಒಳಗೆ ಎಂದಳು.

‘ಒಬ್ರೇ ಅಲ್ಲ, ಇಬ್ರು’ ಎಂದರು ಅತ್ತೆ. ಪೂಜೆಯಾದ ಗಾಡಿ ಹೊರಡುವಾಗ ಡ್ರೈವರ್ ಪಕ್ಕದ ಜಾಗ ಖಾಲಿ ಇರಬಾರದಂತೆ. (ಇದು ಯಾವ ಶಾಸ್ತ್ರದಲ್ಲಿದೆಯೋ ಗೊತ್ತಿಲ್ಲ. ನಮ್ಮ ಅತ್ತೆಯಲ್ಲಿದೆ.)

ಲೆಕ್ಕ ಹಾಕಿ ನೋಡಿ. ದೊಡ್ಡಳಿಯ ಸ್ಟೀರಿಂಗ್ ಹಿಡಿಯುತ್ತಾನೆ, ಅದರಲ್ಲಿ ಅನುಮಾನವಿಲ್ಲ. ಹಾಗಾದರೆ ಪಕ್ಕದ ಜಾಗ? ಮಾವ ಇಲ್ಲ. ದಲ್ಲಾಳಿ ಇಲ್ಲ. ತಕ್ಕಡಿಯೂ ಇಲ್ಲ. ಉಳಿದವನು ನಾನೊಬ್ಬನೇ! ಯಾರೂ ಹೇಳುವ ಮೊದಲೇ ಚಪ್ಪಲಿ ಬಿಟ್ಟೆ. ಕರ್ಚೀಫಿನಿಂದ ಅಂಗಾಲು ಒರೆಸಿಕೊಂಡೆ. ತಿಪ್ಪೇಸ್ವಾಮಿ ಆ ಕಡೆಯಿಂದ ಹತ್ತಿ ಕೂತ. ನಾನು ಈ ಕಡೆ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟೆ. ತಣ್ಣಗಿತ್ತು.

‘ಚಿಕ್ಕಳಿಯಂದ್ರೇ,’ ಅತ್ತೆಯ ದನಿ. ಅದೇ ಪ್ರೀತಿ. ‘ನೀವು ಹಿಂದೆ ಹೋಗ್ರಿ. ತಳ್ಳಾಕೆ ಗಂಡಸ್ರು ಬೇಕಲ್ಲ.’

‘ಅಣ್ಣ ತಳ್ಳಬಹುದಲ್ಲ ಅತ್ತೆ’ ಎಂದೆ.

‘ಅವ್ರಿಗೆ ಮಂಡಿನೋವು ಐತಲ್ರೀ.’

‘ಅಯ್ಯೋ, ಹೂಂ ಕಣ್ರೀ, ಮೆಟ್ಲು ಹತ್ತಾಕೂ ಆಗಲ್ಲ’ ಎಂದ ತಿಪ್ಪೇಸ್ವಾಮಿ, ಸ್ಟೀರಿಂಗ್ ಸವರುತ್ತಾ. ಈ ಮಂಡಿನೋವಿನ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಅವತ್ತೇ ಮೊದಲು.

ಹಿಂದೆ ಹೋದೆ. ಡಿಕ್ಕಿಯ ಮೇಲೆ ಎರಡೂ ಕೈಯಿಟ್ಟು ನಿಂತೆ. ಪಕ್ಕದಲ್ಲಿ ಸೆಕ್ಯುರಿಟಿಯವರು ನಿಂತರು. ಇಷ್ಟು ದಿನವಾದರೂ ಡಿಕ್ಕಿಯ ಸಂದಿಯಿಂದ ಕೊಬ್ಬರಿ ವಾಸನೆ ಬರುತ್ತಿತ್ತು. ಅಳುವೇ ಬಂದಂತಾಯಿತು ನನಗೆ. ಇಷ್ಟು ವಯಸ್ಸಾದ ಗಂಡಸು, ಪೇಪರಿನಲ್ಲಿ ಅಂಕಣ ಬರೆಯುವವನು, ಒಂದು ಹಳೇ ರೆಕ್ಸಿನ್ ಸೀಟಿಗಾಗಿ!

ಮುಂದೆ ಅತ್ತೆ ‘ರತ್ನಾ, ನೀನು ಹತ್ತು’ ಎನ್ನುತ್ತಿದ್ದರು. ಗಂಡ ಹೆಂಡತಿ ಜೋಡಿ ಕೂತರೆ ಶುಭ ಅಂತ. ರತ್ನಕ್ಕ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿಯುತ್ತಿದ್ದರು. ಅಷ್ಟರಲ್ಲಿ ‘ಧಪ್’ ಎಂದು ಬಾಗಿಲು ಹಾಕಿದ ಸದ್ದು. ಅಂಬಾಸಿಡರ್ ಬಾಗಿಲಿನ ಸದ್ದು ಗೊತ್ತಲ್ಲ, ಹಾಲಿಗೆ ಹಾಲೇ ಬೆಚ್ಚಿತು.

ಹಿಂದಿನ ಗಾಜಿನಿಂದ ಇಣುಕಿದೆ. ಮುಂದಿನ ಸೀಟಿನಲ್ಲಿ ಗಿರಿಜ.

‘ಏಯ್ ಗಿರಿಜಾ, ಇಳಿಯೇ. ಅಕ್ಕ ಕುಂತ್ಕಳ್ಳಿ’ ಎಂದರು ಅತ್ತೆ.

‘ನಾನು ಇಳಿಯಲ್ಲಮ್ಮ.’

‘ಹಠ ಮಾಡ್ಬೇಡ. ದೊಡ್ಡೋಳು ಅವಳು.’

‘ದೊಡ್ಡೋಳಾದ್ರೆ ಏನೀಗ? ಇಳಿಯಲ್ಲ ಅಂದೆನಲ್ಲ. ತಳ್ಳಾಕೆ ಹೇಳು ಅವ್ರಿಗೆ.’

ಅವ್ರು ಎಂದರೆ ನಾನು. ತಾಯಿಯ ಎದುರು ಗಿರಿಜ ಹೀಗೆ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅತ್ತೆಯೂ ಕೇಳಿರಲಿಲ್ಲ ಎಂದು ಕಾಣುತ್ತದೆ. ಹೋಗಿ ಚಕ್ರಗಳ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು.

ತಳ್ಳಿದೆ. ಕಾರು ಮೊದಲು ಅಲುಗಲಿಲ್ಲ, ಆಮೇಲೆ ನಿಧಾನಕ್ಕೆ ಉರುಳಿತು. ನಿಂಬೆಹಣ್ಣು ಪಚಕ್ ಎಂದವು. ನಾನು ಬಗ್ಗಿಕೊಂಡೇ ಪಕ್ಕಕ್ಕೆ ಕತ್ತು ಚಾಚಿ ನೋಡಿದೆ. ಗಿರಿಜ ಕಿಟಕಿಯ ಗಾಜು ಇಳಿಸಿದ್ದಳು. (ಮುಂದಿನ ಬಾಗಿಲಿಗೆ ಹಿಡಿ ಇದೆ, ಗಮನಿಸಿ.) ಮೊಣಕೈಯನ್ನು ಆಚೆ ಇಟ್ಟಿದ್ದಳು. ಎದುರಿಗೆ ಇದ್ದದ್ದು ಬರೀ ಬಿಳಿ ಗೋಡೆ. ಅದನ್ನೇ ಹೊಳಲ್ಕೆರೆ ರೋಡು ಎಂಬಂತೆ ನೋಡುತ್ತಿದ್ದಳು. ಅವಳ ಬೆರಳು ಬಾಗಿಲ ತಗಡಿನ ಮೇಲೆ ಆಡುತ್ತಿತ್ತು. ಮೇಘನಾ ತನ್ನ ನಿಯಮಗಳನ್ನೆಲ್ಲ ಮರೆತು ಫೋಟೋ ತೆಗೆಯುತ್ತಿದ್ದಳು.

ವಾಪಸ್ಸು ದುರ್ಗಕ್ಕೆ ನಮ್ಮ ಕಾರಿನಲ್ಲಿ ಹೊರಟೆವು. ಅವಳೇ ಶುರು ಮಾಡಿದಳು.

‘ಆ ಸೀಟಲ್ಲಿ ನಾನು ಕುಂತಿದ್ದು ಇವತ್ತೇ ಮೊದ್ಲು ಗೊತ್ತಾ?’

‘ಸುಳ್ಳು. ಚಿಕ್ಕವಳಿದ್ದಾಗ?’

‘ಅಪ್ಪ ಹೆಣ್ಮಕ್ಳನ್ನ ಮುಂದೆ ಕೂರಿಸ್ತಿದ್ರಾ? ಸ್ಕೂಲಿಗೆ ಹೋಗ್ಲಿ, ಆಸ್ಪತ್ರೆಗೆ ಹೋಗ್ಲಿ, ನಾವು ಹಿಂದೇನೇ. ಆ ಕಾರು ಮನೆಗೆ ಬಂದ ದಿನ ಆರತಿ ಎತ್ತಿದ್ದು ನಾನು. ವಾರವಾರ ತೊಳೀತಿದ್ದಿದ್ದು ನಾನು. ಭಾವ ಮದ್ವೆ ಆಗಿ ಬಂದ್ರು, ನೇರ ಹೋಗಿ ಮುಂದೆ ಕುಂತ್ರು. ಆಮೇಲೆ ನೀವು ಬಂದ್ರಿ.’

‘ನನ್ನನ್ನ ಎಬ್ಬಿಸಿದರಲ್ಲ!’

‘ಎಬ್ಬಿಸಿದ್ರು. ಆದ್ರೆ ನೀವು ಬಾಗ್ಲು ತೆಗ್ದು ಕುಂತ್ರಲ್ಲ, ಯಾರನ್ನೂ ಕೇಳ್ದಲೇ? ಅವತ್ತು ನಿಮ್ಮನ್ನ ನೋಡಿ ಎಷ್ಟು ಹೊಟ್ಟೆ ಉರೀತು ಅಂತೀರಿ. ಈಗ ಬಂದೋರಿಗೆ ಇಷ್ಟು ಧೈರ್ಯ, ನಾನು ಹುಟ್ಟಿದ ಮನೆ ಕಾರಲ್ಲಿ ನನಗಿಲ್ಲ ಅಂತ.’

ಸ್ವಾಮಿ, ನನ್ನನ್ನು ನೋಡಿ ಯಾರಿಗಾದರೂ ಹೊಟ್ಟೆ ಉರಿದಿದೆ ಎಂದು ನಾನು ಕೇಳಿದ್ದು ಜೀವಮಾನದಲ್ಲಿ ಅದೇ ಮೊದಲು. ನಿಜ ಹೇಳಲಾ? ಸ್ವಲ್ಪ ಹೆಮ್ಮೆಯಾಯಿತು. ಆಮೇಲೆ ಪೆಚ್ಚಾಯಿತು. ಇಷ್ಟು ವರ್ಷ ನಾನು ಅವಳ ಮುಂದೆ ಆ ಸೀಟಿನ ಗೋಳು ಹೊಯ್ದುಕೊಂಡಾಗಲೆಲ್ಲ ಅವಳು ತನ್ನದನ್ನು ಹೇಳಿಯೇ ಇರಲಿಲ್ಲ. ನಾನೂ ಕೇಳಿರಲಿಲ್ಲ. ಒಳ್ಳೆಯ ಗಂಡನಾಗಿದ್ದರೆ ಇಲ್ಲಿಗೆ ಕಣ್ಣು ಒದ್ದೆಯಾಗಿ, ‘ಹೋಗಲಿ ಬಿಡು, ನಿನಗಾದರೂ ಸಿಕ್ಕಿತಲ್ಲ’ ಎನ್ನುತ್ತಿದ್ದೆ.

ನಾನು ಕೇಳಿದ್ದು ಬೇರೆ. ‘ಹೇಗಿತ್ತು?’

‘ಏನು?’

‘ಅದೇ. ಸೀಟು.’

ಅವಳು ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡುತ್ತಾ ಮೆಲ್ಲಗೆ ಹೇಳಿದಳು. ‘ಅಲ್ಲಿಂದ ಬಾನೆಟ್ ಪೂರ್ತಿ ಕಾಣ್ತೈತೆ ಕಣ್ರೀ. ದುಂಡಗೆ. ಏನ್ ಚೆಂದ ಅಂತೀರಾ!’

ಆ ಕರ್ವ್ ನನಗೆ ಗೊತ್ತಿಲ್ಲ. ಹಿಂದಿನ ಸೀಟಿನಿಂದ ಅದು ಕಾಣುವುದಿಲ್ಲ. ಅಲ್ಲಿಂದ ಕಾಣುವುದು ತಿಪ್ಪೇಸ್ವಾಮಿಯ ತಲೆ.

ಆದರೂ ಆಸೆ ಬಿಡಲಿಲ್ಲ. ಮುಂದಿನ ವರ್ಷವೂ ಆಯುಧಪೂಜೆ ಬರುತ್ತದಲ್ಲ? ಸೆಕ್ಯುರಿಟಿಯವರಿಗೆ ಇನ್ನೊಬ್ಬರು ಜೊತೆಯಾದರೆ ತಳ್ಳುವುದಕ್ಕೆ ನಾನು ಬೇಕಾಗುವುದಿಲ್ಲ. ನನಗೂ ಒಂದು ಮಂಡಿನೋವು ಬರಬಹುದು. ಗಿರಿಜ ಕೂಡ ‘ಮುಂದಿನ್ ಸಲ ನೀವೇ ಕುಂತ್ಕಳ್ರಿ’ ಎಂದಿದ್ದಳು. ಪ್ಲಾನ್ ತಯಾರಾಗಿತ್ತು.

ಈ ವಾರ ಮೇಘನಾ ಫೋನ್ ಮಾಡಿದಳು. ನನಗಲ್ಲ, ಗಿರಿಜಗೆ. ಸೀಟಿನ ಒಳಗಿನ ಸ್ಪ್ರಿಂಗು ಕುಸಿದಿದೆಯಂತೆ, ರೆಕ್ಸಿನ್ ಹೊಲಿಗೆ ಬಿಟ್ಟಿದೆಯಂತೆ. ರಿಪೇರಿ ಮಾಡುವುದಿಲ್ಲವಂತೆ. ಇದ್ದದ್ದು ಇದ್ದ ಹಾಗೇ ಇರುವುದೇ ಕಲೆಯಂತೆ. ಇನ್ನು ಮುಂದೆ ಪೂಜೆ ಏನಿದ್ದರೂ ಹೊರಗಿನಿಂದ, ಒಳಗೆ ಯಾರೂ ಕೂರುವ ಹಾಗಿಲ್ಲ. ಯಾರೂ ಅಂದರೆ ಯಾರೂ. ಅತ್ತೆಯೂ ಒಪ್ಪಿದ್ದಾರಂತೆ, ನಿಂಬೆಹಣ್ಣನ್ನು ಕೈಯಲ್ಲೇ ಹಿಂಡುತ್ತಾರಂತೆ. ಅಷ್ಟೇ ಅಲ್ಲ, ಬೋರ್ಡು ಬದಲಾಗಿದೆ. ಮೇಘನಾ ಫೋಟೋ ಕಳಿಸಿದ್ದಳು. ಗಿರಿಜ ಅದನ್ನು ಫ್ಯಾಮಿಲಿ ಗ್ರೂಪಿಗೆ ಹಾಕಿದಳು. ತಿಪ್ಪೇಸ್ವಾಮಿಯ ಹೆಸರಿನ ಕೆಳಗೆ ನಾಲ್ಕನೇ ಸಾಲು:

‘ಈ ಕಾರಿನ ಮುಂದಿನ ಸೀಟಿನಲ್ಲಿ ಕೊನೆಯದಾಗಿ ಕುಳಿತವರು: ಶ್ರೀಮತಿ ಗಿರಿಜ, ಚಿತ್ರದುರ್ಗ.’

ಪಕ್ಕದಲ್ಲಿ ಆ ದಿನದ ಫೋಟೋ. ಸ್ಟೀರಿಂಗ್ ಹಿಡಿದ ತಿಪ್ಪೇಸ್ವಾಮಿ, ಕಿಟಕಿಯಲ್ಲಿ ಮೊಣಕೈಯಿಟ್ಟ ಗಿರಿಜ. ಹಿಂದೆ, ಡಿಕ್ಕಿಯ ಹತ್ತಿರ, ಯಾರದೋ ಬಗ್ಗಿದ ಬೆನ್ನು.

‘ಚೆನ್ನಾಗಿ ಬಂದೈತಲ್ವೇನ್ರೀ?’ ಎಂದು ಗಿರಿಜ ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದಳು. ಅವಳ ಕಣ್ಣಲ್ಲಿ ಅಷ್ಟು ಖುಷಿಯನ್ನು ನಾನು ನೋಡಿ ಎಷ್ಟೋ ಕಾಲವಾಗಿತ್ತು. ‘ಬಹಳ ಚೆನ್ನಾಗಿದೆ’ ಎಂದೆ. ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ಕುಡಿದೆ. ಕಡಿಮೆಯಾಗಲಿಲ್ಲ.

ಷಡ್ಡಕನ ಮೇಲೆ ಹೊಟ್ಟೆ ಉರಿದಾಗಲೆಲ್ಲ ಬಂದು ಹೆಂಡತಿಯ ಹತ್ತಿರ ಹೇಳಿಕೊಂಡು ಹಗುರಾಗುತ್ತಿದ್ದೆ. ಈಗ ಹೆಂಡತಿಯ ಮೇಲೇ ಉರಿಯುತ್ತಿದೆಯಲ್ಲ, ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ?